ಮನೆ ನೋಡೋಕೆ ಇಂಜಿನಿಯರ್ ಬರೋ ಮುಂಚಿನ ಆರು ವಾರ

ಮೈಸೂರಿನ ಮನೆ ಮಾರೋದು ಅಂತ ಆದ್ಮೇಲೆ ಎರಡು ಮೂರು ಪಾರ್ಟಿ ಬಂದು ನೋಡ್ಕೊಂಡ್ ಹೋದ್ರು. ಅದರಲ್ಲಿ ಒಬ್ರಿಗೆ ಮನೆ ಹಿಡಿಸ್ತು, ರೇಟೂ ಹೆಚ್ಚುಕಡಿಮೆ ಕುದುರ್ತು. ಗೇಟ್ ಹತ್ರ ಚಪ್ಪಲಿ ಹಾಕ್ಕೊಳ್ತಾ, "ದಸರಾ ಮುಗೀಲಿ ಮೇಡಂ, ನಮ್ಗೆ ಗೊತ್ತಿರೋ ಸಿವಿಲ್ ಇಂಜಿನಿಯರ್ ಒಬ್ರನ್ನ ಕರ್ಕೊಂಡ್ ಬರ್ತೀವಿ, ಅವ್ರು ಒಂದ್ಸಲ ಎಲ್ಲಾ ನೋಡ್ಲಿ, ಅಡ್ವಾನ್ಸ್ ಆಮೇಲೆ ಮಾತಾಡೋಣ" ಅಂದ್ರು. ಅಕ್ಟೋಬರ್ 11 ಶನಿವಾರ ಅಂತ ಫಿಕ್ಸ್ ಆಯ್ತು. ಇದು 2025ರ ಗಣೇಶನ ಹಬ್ಬದ ವಾರ, ಅಂದ್ರೆ ಕೈಯಲ್ಲಿ ಆರು ವಾರ.

ನಮ್ಮಲ್ಲಿ ಮನೆ ಇನ್ಸ್‌ಪೆಕ್ಷನ್‌ಗೆ ಅಂತಾನೇ ಲೈಸೆನ್ಸ್ ಇರೋ ಜನ ಅಂತೇನಿಲ್ಲ. ಬ್ಯಾಂಕ್ ಲೋನ್ ಇದ್ರೆ ಬ್ಯಾಂಕಿನ ವ್ಯಾಲ್ಯುಯರ್ ಬರ್ತಾರೆ, ಆದ್ರೆ ಅವ್ರಿಗೆ ಬೇಕಿರೋದು ಬೆಲೆ ಮತ್ತು ಅಳತೆ, ಬಚ್ಚಲಲ್ಲಿ ನೀರು ನಿಲ್ಲುತ್ತಾ ಇಲ್ವಾ ಅನ್ನೋದು ಅಲ್ಲ. ಅದನ್ನ ನೋಡೋದು ತಗೊಳ್ಳೋರು ಕರ್ಕೊಂಡ್ ಬರೋ ಇಂಜಿನಿಯರ್ರು, ಇಲ್ಲಾಂದ್ರೆ ಅವ್ರ ಕಡೆ ಮೇಸ್ತ್ರಿ, ಅದೂ ಇಲ್ಲಾಂದ್ರೆ ಎಲ್ಲಾ ಗೊತ್ತಿರೋ ಒಬ್ಬ ಮಾವ. ಈ ಮೂರರಲ್ಲಿ ಮಾವನೇ ಡೇಂಜರ್.

ಮನೆ ನಮ್ಮಪ್ಪ 1993ರಲ್ಲಿ ಕಟ್ಸಿದ್ದು. ಸೈಜುಗಲ್ಲಿನ ಪಾಯ, ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ, ಹಾಲಲ್ಲಿ ಮೊಸಾಯಿಕ್, ಅಡುಗೆಮನೇಲಿ ರೆಡ್ ಆಕ್ಸೈಡ್. ಗಟ್ಟಿ ಮನೆ. ಆದ್ರೆ ಅಪ್ಪ ಹೋದ್ಮೇಲೆ ಎಂಟು ವರ್ಷದಿಂದ ಅಮ್ಮ ಒಬ್ರೇ ಇದ್ರು, ಏನಾದ್ರೂ ಕೆಟ್ರೆ "ಇರ್ಲಿ ಬಿಡು" ಅಂತಲೇ ನಡ್ಕೊಂಡ್ ಬಂದಿದೆ. ನಾನು ಬೆಂಗಳೂರಲ್ಲಿ, ತಮ್ಮ ಪುಣೇಲಿ. ಹಂಗಾಗಿ ಕೆಲಸ ಎಲ್ಲಾ ಶನಿವಾರ ಭಾನುವಾರದ್ದು.

ಮೊದಲ್ನೇ ಶನಿವಾರ (ಆಗಸ್ಟ್ 30) ಒಂದು ಕೆಲ್ಸಾನೂ ಮಾಡ್ಲಿಲ್ಲ. ನಾನೇ ಮನೆ ತಗೊಳ್ಳೋಳು ಅನ್ಕೊಂಡು, ಸ್ವಲ್ಪ ಕೆಟ್ಟ ಬುದ್ಧಿ ಇಟ್ಕೊಂಡು, ಟಾರ್ಚು, ಮಲ್ಟಿಮೀಟರು, ಒಂದು ನೋಟ್‌ಬುಕ್ಕು ಹಿಡ್ಕೊಂಡು ಗೇಟಿಂದ ತಾರಸಿವರೆಗೆ ಸುತ್ತಿದೆ. ಅಟ್ಟ ಹತ್ತಿ ನೋಡ್ದೆ, ಬೀರು ಜರುಗಿಸಿ ಹಿಂದೆ ನೋಡ್ದೆ, ಎಲ್ಲಾ ನಲ್ಲಿ ಒಟ್ಟಿಗೆ ಬಿಟ್ಟು ನೋಡ್ದೆ, ಟೈಲ್ಸ್ ಮೇಲೆ ಕೋಲಲ್ಲಿ ತಟ್ಟಿ ನೋಡ್ದೆ (ಟೊಳ್ಳು ಸದ್ದು ಬಂದ್ರೆ ಕೆಳಗೆ ಗಾರೆ ಬಿಟ್ಟಿದೆ ಅಂತ). "ಸ್ವಂತ ಮನೇನ ಕಳ್ಳಿ ಥರ ನೋಡ್ತಿಯಲ್ಲೇ" ಅಂದ್ರು ಅಮ್ಮ. ಸಂಜೆ ಹೊತ್ತಿಗೆ ನೋಟ್‌ಬುಕ್ಕಲ್ಲಿ ಮೂರು ಪುಟ. ಮುಖ್ಯವಾದ್ದು ಹೇಳ್ತೀನಿ: ಹಿಂದಿನ ರೂಮಿನ ಮೂಲೇಲಿ ಸೀಲಿಂಗ್ ಒದ್ದೆ, ಕಿಟಕಿ ಸಜ್ಜದ ಕೆಳಗೆ ಕಾಂಕ್ರೀಟ್ ಉದುರಿ ಕಂಬಿ ಕಾಣ್ತಿದೆ, ಇನ್ನೂ ಹಳೇ ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸು, ಅರ್ಥಿಂಗ್ ಡೌಟು, ಬಚ್ಚಲ ಬಾಗಿಲವಾಡಕ್ಕೆ ಗೆದ್ದಲು, ಸಂಪು ಡೌಟು.

ಸೀಲಿಂಗ್ ಒದ್ದೆ ವಿಷ್ಯ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಇದರಲ್ಲೇ ನಾನು ದುಡ್ಡು ಕಳ್ಕೊಳ್ಳೋಳಿದ್ದೆ.

ಮೂಲೇಲಿ ಒಂದು ಮೊರದಷ್ಟು ಅಗಲಕ್ಕೆ ಹಳದಿ ಕಲೆ, ನಡುವೆ ಸುಣ್ಣ ಪುಡಿಪುಡಿ. ಯಾರು ನೋಡಿದ್ರೂ ತಾರಸಿ ಲೀಕು ಅಂತಾರೆ. ಗೊತ್ತಿರೋ ಗಾರೆ ಮೇಸ್ತ್ರೀನ ಕರ್ಸಿದೆ, ಅವ್ರು ತಾರಸಿ ಹತ್ತಿ ಸೊಂಟಕ್ಕೆ ಕೈ ಇಟ್ಕೊಂಡು ಒಂದು ರೌಂಡ್ ನೋಡಿ, "ಪೂರಾ ವಾಟರ್‌ಪ್ರೂಫಿಂಗ್ ಹೊಡ್ಸ್‌ಬಿಡಿ ಅಕ್ಕ, ಅಡಿಗೆ ಅರವತ್ತು ರೂಪಾಯಿ" ಅಂದ್ರು. ತಾರಸಿ ಒಂಬೈನೂರು ಅಡಿ, ಅಲ್ಲಿಗೆ 54 ಸಾವಿರ. ಫೋನಲ್ಲಿ ತಮ್ಮ, "ಅಕ್ಕಾ, ಮಾರೋ ಮನೆಗೆ ಅಷ್ಟು ಯಾಕೆ, ಪುಟ್ಟಿ ಮೆತ್ತಿ ಒಂದು ಕೋಟ್ ಬಣ್ಣ ಹೊಡ್ಸು ಸಾಕು" ಅಂದ. ಮೇಸ್ತ್ರಿಗೂ ಅದೇ ಎರಡನೇ ಆಪ್ಷನ್ನು. ನಾನು ಇವೆರಡರ ಮಧ್ಯ ತೂಗ್ತಾ ಕೂತಿದ್ದಾಗ ಅಮ್ಮ ಕಾಫಿ ಕೊಡ್ತಾ ಸುಮ್ನೆ ಒಂದ್ ಮಾತು ಅಂದ್ರು, "ಮಳೆ ಅಂತೇನಿಲ್ಲ ಕಣೇ, ಅದು ಶಿವರಾತ್ರೀಲೂ ಹಂಗೇ ಇತ್ತು."

ಶಿವರಾತ್ರೀಲಿ ಮೈಸೂರಲ್ಲಿ ಎಲ್ಲಿಯ ಮಳೆ? ಮಳೆ ಇಲ್ದಾಗ್ಲೂ ಒದ್ದೆ ಇದೆ ಅಂದ್ರೆ ಅದು ಪೈಪಿನ ನೀರು. ಮತ್ತೆ ತಾರಸಿ ಹತ್ತಿದೆ. ಸರಿಯಾಗಿ ಅದೇ ಮೂಲೇಲಿ ಸೋಲಾರ್ ಸ್ಟ್ಯಾಂಡು. ಸೋಲಾರಿಂದ ಬಿಸಿನೀರಿನ ಪೈಪು ತಾರಸಿ ಮೇಲೆ ನಾಲ್ಕಡಿ ಬಂದು, ಅಲ್ಲಿ ಗಾರೆ ಒಳಗೆ ಮುಳುಗಿ, ಗೋಡೆ ಒಳಗಿಂದ ಬಚ್ಚಲಿಗೆ ಇಳಿಯುತ್ತೆ. ಅದು ಹಳೇ ಜಿಐ (ಸತು ಬಳಿದ ಕಬ್ಬಿಣದ) ಪೈಪು. ಟ್ಯಾಂಕಿನ ನೀರಿನ ಭಾರ ಆ ಪೈಪಿನ ಮೇಲೆ ಇಪ್ಪತ್ನಾಲ್ಕು ಗಂಟೆನೂ ಇರುತ್ತೆ, ಸೂಜಿ ಮೊನೆಯಷ್ಟು ತೂತಿದ್ರೂ ಸಾಕು.

ಊಹೆ ಮೇಲೆ ತಾರಸಿ ಅಗೆಸೋಕೆ ಆಗಲ್ವಲ್ಲ, ಅದಕ್ಕೆ ಒಂದು ಟೆಸ್ಟ್ ಮಾಡ್ದೆ. ಖರ್ಚು ಒಂದು ಪೆನ್ಸಿಲ್ಲು. ಸೆಪ್ಟೆಂಬರ್ 6, ಶನಿವಾರ ಬೆಳಗ್ಗೆ ಏಣಿ ಹಾಕ್ಕೊಂಡು, ಒದ್ದೆ ಎಲ್ಲೀವರೆಗೂ ಇದೆ ಅಂತ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿ ಸುತ್ತ ಪೆನ್ಸಿಲಲ್ಲಿ ಗೆರೆ ಎಳ್ದು ಪಕ್ಕದಲ್ಲೇ ತಾರೀಕು ಬರ್ದೆ, ಫೋಟೋ ತೆಗ್ದೆ. ಆಮೇಲೆ ಸೋಲಾರ್ ಟ್ಯಾಂಕಿನ ಬಿಸಿನೀರು ಗೇಟ್‌ವಾಲ್ವ್ ಮುಚ್ಚಿ, ಅಮ್ಮನಿಗೆ ಒಂದು ವಾರ ಗ್ಯಾಸಲ್ಲಿ ನೀರು ಕಾಯಿಸ್ಕೊಳ್ಳಿ ಅಂದೆ (ಅದಕ್ಕೆ ಬೈಸ್ಕೊಂಡೆ). ಗುರುವಾರ ಅಮ್ಮನೇ ಫೋನ್ ಮಾಡಿ "ಗೆರೆ ಒಳಗೆ ಒಂದು ಗೇಣು ಒಣಗಿದೆ ಕಣೇ" ಅಂದ್ರು. ಮಧ್ಯದಲ್ಲಿ ಎರಡು ದಿನ ಮಳೆ ಬಂದಿತ್ತು, ಆದ್ರೂ ಒಣಗಿತ್ತು.

ಅಷ್ಟಕ್ಕೇ ಬಿಡ್ಲಿಲ್ಲ, 13ನೇ ತಾರೀಕು ಆ ಮೂಲೆಗೆ ನೀರು ನಿಲ್ಸಿಯೂ ನೋಡ್ದೆ. ಹತ್ತಡಿಗೆ ಹತ್ತಡಿ ಜಾಗಕ್ಕೆ ಮಣ್ಣಿನ ಕಟ್ಟೆ ಕಟ್ಟಿ, ಮಳೆನೀರು ಹೋಗೋ ಪೈಪಿನ ಬಾಯಿಗೆ ಹಳೇ ಪಂಚೆ ತುರುಕಿ, ಎರಡು ಇಂಚು ನೀರು ಬಿಟ್ಟೆ. ಸುಮಾರು 470 ಲೀಟರು ಹಿಡೀತು. ಹಿಂಗೆ ನಿಲ್ಸೋರು ಎರಡು ಇಂಚಿಗಿಂತ ಜಾಸ್ತಿ ಬೇಡಿ, ಎರಡು ಇಂಚು ನೀರಂದ್ರೇನೇ ಒಂದು ಚದರ ಮೀಟರಿಗೆ 50 ಕೆಜಿ ಭಾರ. ಇಪ್ಪತ್ನಾಲ್ಕು ಗಂಟೆ ಆದ್ಮೇಲೂ ಕೆಳಗೆ ಗೆರೆ ಹಂಗೇ ಇತ್ತು, ಹೊಸ ಒದ್ದೆ ಇಲ್ಲ. ತಾರಸಿ ತಪ್ಪಿಲ್ಲ ಅಂತ ಅಲ್ಲಿಗೆ ತೀರ್ಮಾನ. ಅಪ್ಪ ಸ್ಲ್ಯಾಬ್ ಹಾಕ್ಸುವಾಗ ಹದಿನೈದು ದಿನ ರಜೆ ಹಾಕಿ ನಿಂತು ನೀರು ಕಟ್ಸಿದ್ರಂತೆ. ಸುಮ್ನೆ ಅವ್ರ ತಾರಸಿ ಮೇಲೆ ಅಪವಾದ ಹೊರಿಸ್ತಿದ್ವಿ.

ಪ್ಲಂಬರ್ ಬಂದು ಗಾರೆ ಬಿಡಿಸಿದ್ರು, ಎಲ್ಬೋ (ಪೈಪು ತಿರುಗೋ ಕಡೆ ಹಾಕೋ ಮೊಣಕೈ ಜಾಯಿಂಟು) ಕೈಗೇ ಬಂತು, ತುಕ್ಕು ತಿಂದು ಬಿಸ್ಕತ್ತಿನ ಥರ ಆಗಿತ್ತು. ಗೋಡೆ ಒಳಗಿನ ಹಳೇ ಲೈನನ್ನ ಹಂಗೇ ಬಿಟ್ಟು ಎರಡೂ ಕಡೆ ಡಮ್ಮಿ ಹಾಕಿ ಮುಚ್ಚಿದ್ವಿ, ಹೊಸ ಲೈನು ಹೊರಗಿನ ಗೋಡೆ ಮೇಲೇ ಸಿಪಿವಿಸಿ ಪೈಪಲ್ಲಿ. ಬಿಸಿನೀರಿಗೆ ಸಿಪಿವಿಸಿನೇ ಆಗ್ಬೇಕು, ಬಿಳೀ ಪಿವಿಸಿ ಹಾಕಿದ್ರೆ ಬಿಸಿಗೆ ಮೆತ್ತಗಾಗಿ ಬಾಗುತ್ತೆ. ಹೊರಗಡೆ ಪೈಪು ಕಾಣುತ್ತೆ, ಅಂದ ಇಲ್ಲ, ನಿಜ. ಆದ್ರೆ ಮುಂದೆ ಯಾರಿಗಾದ್ರೂ ಲೀಕಾದ್ರೆ ಕಣ್ಣಿಗೆ ಕಾಣುತ್ತಲ್ಲ. ಕೂಲಿ ಸಾಮಾನು ಎಲ್ಲಾ ಸೇರಿ 4,200 ರೂಪಾಯಿ. 54 ಸಾವಿರ ಎಲ್ಲಿ, ಇದೆಲ್ಲಿ.

ಸೀಲಿಂಗಿಗೆ ಬಣ್ಣ ಮಾತ್ರ ಹೊಡ್ಸ್ಲಿಲ್ಲ. ಒಳಗೆ ಇನ್ನೂ ತೇವ ಇರುತ್ತೆ, ಪುಟ್ಟಿ ಹಾಕಿದ್ರೆ ತಿಂಗಳಿಗೆ ಉಬ್ಬಿ ಬರುತ್ತೆ, ಅದೊಂದು ಕಾರಣ. ಇನ್ನೊಂದು ಕಾರಣ, ನಂಗೆ ಯಾಕೋ ಮನಸ್ಸು ಒಪ್ಲಿಲ್ಲ.

ಸಜ್ಜದ ಕೆಲ್ಸ ಚಿಕ್ಕದು, ಆದ್ರೆ ಗಾರೆಯವರು ತಪ್ಪಾಗಿ ಮಾಡೋದು ಇದನ್ನೇ. ಕಂಬಿ ಕಾಣ್ತಿದ್ರೆ ಮೇಲೆ ಸಿಮೆಂಟ್ ಮೆತ್ತಿ ಹೋಗ್ಬಿಡ್ತಾರೆ. ಒಳಗಿನ ತುಕ್ಕು ನಿಲ್ಲಲ್ಲ, ಕಬ್ಬಿಣ ತುಕ್ಕು ಹಿಡಿದಾಗ ಉಬ್ಬುತ್ತೆ, ಹೊಸ ಗಾರೇನೂ ತಳ್ಳಿ ಬೀಳಿಸುತ್ತೆ. ಪಕ್ಕದಲ್ಲೇ ನಿಂತು ಮಾಡ್ಸಿದೆ: ಟೊಳ್ಳಿರೋದೆಲ್ಲಾ ಉಳಿ ಹಾಕಿ ಕೆಡವಿ, ಕಂಬಿ ಹಿಂಭಾಗಾನೂ ವೈರ್ ಬ್ರಷ್ಷಲ್ಲಿ ಉಜ್ಜಿ, ಜಿಂಕ್ ಪ್ರೈಮರ್ ಬಳ್ದು, ಆಮೇಲೆ ಪಾಲಿಮರ್ ಸೇರಿಸಿದ ಗಾರೆ. ಸಜ್ಜದ ತುದಿ ಕೆಳಗಡೆ ಉದ್ದಕ್ಕೂ ಒಂದು ಸಣ್ಣ ಕಾಲುವೆ ಥರದ ಗೀರೂ ಹೊಡ್ಸಿದೆ, ಮಳೆ ನೀರು ಒಳಗಡೆ ಹರ್ಕೊಂಡು ಬರ್ದೆ ಅಲ್ಲೇ ತೊಟ್ಟಿಕ್ಕಲಿ ಅಂತ. ಮೊದಲೇ ಅದು ಇದ್ದಿದ್ರೆ ಕಂಬಿ ಇಷ್ಟು ಹಾಳಾಗ್ತಿರ್ಲಿಲ್ಲ.

ಸೆಪ್ಟೆಂಬರ್ 20 ಕರೆಂಟಿನ ದಿನ. ಮೊದಲು ಮಲ್ಟಿಮೀಟರಲ್ಲಿ ನೋಡಿದ್ದು: ಫೇಸ್ ನ್ಯೂಟ್ರಲ್ ಮಧ್ಯ 231 ವೋಲ್ಟು ಸರಿ ಇದೆ, ಫೇಸ್ ಅರ್ಥ್ ಮಧ್ಯ 140 ಚಿಲ್ಲರೆ. ಹೆಚ್ಚುಕಡಿಮೆ ಎರಡೂ ಒಂದೇ ಬರ್ಬೇಕಿತ್ತು. ಅಂದ್ರೆ ಮೂರನೇ ಪಿನ್ನು ಹೆಸರಿಗಷ್ಟೇ. (ಇದನ್ನ ಅಳೆಯೋಕೆ ಅಭ್ಯಾಸ ಇಲ್ದೋರು ಕೈ ಹಾಕ್ಬೇಡಿ, ಎಲೆಕ್ಟ್ರಿಶಿಯನ್‌ಗೆ ಹೇಳಿ.) ಕಾಂಪೌಂಡ್ ಪಕ್ಕದ ಅರ್ಥ್ ಗುಂಡಿ ತೆಗ್ಸಿದ್ರೆ ಪೈಪು ಚೆನ್ನಾಗೇ ಇದೆ, ಅದಕ್ಕೆ ಕಟ್ಟಿದ್ದ ಜಿಐ ತಂತಿ ಕ್ಲ್ಯಾಂಪ್ ಹತ್ರ ತುಕ್ಕು ಹಿಡ್ದು ತುಂಡಾಗಿದೆ. ಎಷ್ಟು ವರ್ಷದಿಂದಲೋ. ಹೊಸ ಜಿಐ ಪಟ್ಟಿ, ಬೋಲ್ಟು, ಇದ್ದಿಲು, ಉಪ್ಪು, ನಾಲ್ಕು ಬಿಂದಿಗೆ ನೀರು. ಆಮೇಲೆ ನೋಡಿದ್ರೆ ನ್ಯೂಟ್ರಲ್ ಅರ್ಥ್ ಮಧ್ಯ 2 ವೋಲ್ಟಿಗಿಂತ ಕಡಿಮೆ.

ಕಿಟ್‌ಕ್ಯಾಟ್ ತೆಗ್ದು ಎಂಸಿಬಿ (ಲೋಡ್ ಜಾಸ್ತಿಯಾದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಬಾಕ್ಸು, ಜೊತೆಗೆ ಕರೆಂಟ್ ಸೋರಿದ್ರೆ ಬೀಳೋ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕ್ಸಿದೆ. ಹಾಕಿದ ಐದು ನಿಮಿಷಕ್ಕೆ ಟ್ರಿಪ್ಪು. ಎತ್ತಿದ್ರೆ ಮತ್ತೆ ಟ್ರಿಪ್ಪು. ಎಲೆಕ್ಟ್ರಿಶಿಯನ್ನು "ಹಳೇ ಮನೆಗೆ ಇದು ಆಗ್ಬರಲ್ಲ ಮೇಡಂ, ತೆಗ್ದುಬಿಡೋಣ" ಅಂದ್ರು. ಆರ್‌ಸಿಸಿಬಿ ಕೆಲ್ಸನೇ ಅದು, ಫೇಸಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲಲ್ಲಿ ವಾಪಸ್ ಬರ್ದಿದ್ರೆ ಬಿದ್ದುಹೋಗೋದು, ಅದು ಬೀಳ್ತಿದೆ ಅಂದ್ರೆ ಏನೋ ಹೇಳ್ತಿದೆ ಅಂತ ಅರ್ಥ. ಒಂದೊಂದೇ ಲೈನ್ ಆಫ್ ಮಾಡ್ತಾ ಬಂದ್ವಿ. ಸಿಕ್ಕಿದ್ದು ಯುಪಿಎಸ್ ಲೈನು. ಯುಪಿಎಸ್ ಹಾಕಿದ ಕಾಲದಲ್ಲಿ ಅದರ ನ್ಯೂಟ್ರಲ್ಲನ್ನ ಹಾಲಿನ ಸ್ವಿಚ್‌ಬೋರ್ಡಲ್ಲಿ ಮನೆ ನ್ಯೂಟ್ರಲ್ ಜೊತೆ ಸೇರ್ಸಿ ತಿರುಚಿ ಟೇಪ್ ಸುತ್ತಿದ್ರು. ಬೇರೆ ಮಾಡಿದ್ಮೇಲೆ ಹಗಲೆಲ್ಲಾ ಸುಮ್ನಿತ್ತು, ರಾತ್ರಿ ಮಳೆ ಬಂದಾಗ ಮತ್ತೆ ಬಿತ್ತು! ಅದು ಗೇಟಿನ ದೀಪ, ಒಳಗೆ ನೀರು ಹೋಗಿತ್ತು. ದೀಪ ಬದಲಾಯಿಸಿದ್ಮೇಲೆ ಶಾಂತಿ.

ಗೆದ್ದಲಿಗೆ ಪೆಸ್ಟ್ ಕಂಟ್ರೋಲಿನವ್ರೇ ಬಂದ್ರು. ಗೋಡೆ ನೆಲ ಸೇರೋ ಕಡೆ ಅಡಿಗೊಂದು ತೂತು ಕೊರ್ದು, ಇಮಿಡಾಕ್ಲೋಪ್ರಿಡ್ ಲೀಟರಿಗೆ 2.1 ಎಂಎಲ್ ಬೆರ್ಸಿ ಒಳಗೆ ಬಿಟ್ಟು, ಬಿಳಿ ಸಿಮೆಂಟಲ್ಲಿ ಮುಚ್ಚಿದ್ರು. ಬಾಗಿಲವಾಡದ ಕೆಳಗಿನ ಒಂದಡಿ ಜಂಗಲ್‌ವುಡ್ಡು ಸ್ಪಾಂಜ್ ಆಗಿತ್ತು, ಕತ್ತರಿಸಿ ಬೇರೆ ತುಂಡು ಕೂಡಿಸಿದ್ವಿ. ಸಂಪಿನ ಕಡೆ ಗೋಡೆಗೆ ಮಾತ್ರ ಔಷಧಿ ಬೇಡ ಅಂತ ನಿಂತು ಹೇಳಿದೆ.

ಸಂಪಿನ ಟೆಸ್ಟು ಯಾರ್ ಬೇಕಾದ್ರೂ ಮಾಡ್ಬಹುದು. ರಾತ್ರಿ ತುಂಬ್ಸಿ, ಬರೋ ನೀರಿನ ವಾಲ್ವು ಮುಚ್ಚಿ, ಮೋಟಾರ್ ಆಫ್ ಮಾಡಿಟ್ಟು, ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗುರುತು. ಬೆಳಗ್ಗೆ ನೋಡಿದ್ರೆ ಒಂದೂವರೆ ಇಂಚು ಇಳಿದಿತ್ತು. ಕೇಳೋಕೆ ಒಂದೂವರೆ ಇಂಚು ಅಷ್ಟೇ, ಆದ್ರೆ ನಮ್ಮ ಸಂಪು ಎಂಟಡಿಗೆ ಆರಡಿ, ಲೆಕ್ಕ ಹಾಕಿದ್ರೆ ಒಂದು ರಾತ್ರಿಗೆ 170 ಲೀಟರು ಪಾಯದ ಪಕ್ಕದ ಮಣ್ಣಿಗೆ. ಖಾಲಿ ಮಾಡ್ಸಿ ಉಜ್ಜಿಸಿದಾಗ ಪೈಪು ಒಳಗೆ ಬರೋ ಕಡೆ ಸುತ್ತ ಸೀಳು ಕಾಣ್ತು. ಅದನ್ನ ತುಂಬಿಸಿ, ಒಳಗೆಲ್ಲಾ ಕುಡಿಯೋ ನೀರಿಗೆ ಆಗೋ ಸಿಮೆಂಟ್ ಕೋಟಿಂಗ್ ಎರಡು ಸಲ. ಆಯುಧಪೂಜೆ ಹತ್ರ ಬಂದಿದ್ರಿಂದ ಆಳು ಸಿಕ್ಕೋದೇ ಕಷ್ಟ ಆಯ್ತು, ದಸರಾದಲ್ಲಿ ಮೈಸೂರಲ್ಲಿ ಗಾರೆ ಕೆಲಸ ಇಟ್ಕೊಳ್ಳೋರಿಗೆ ನನ್ನ ಅನುಕಂಪ. ಒಂದು ವಾರ ಅಮ್ಮನಿಗೆ ಸಿಂಟೆಕ್ಸ್ ನೀರಲ್ಲೇ ಸಂಸಾರ.

ಕಾಗದ ಪತ್ರದ್ದೂ ಇದೇ ಮಧ್ಯ ನಡೀತಿತ್ತು. ಕ್ರಯಪತ್ರ, ಸೈಟಿನ ಮೊದಲ ಕಾಗದ, ಮಂಜೂರಾದ ನಕ್ಷೆ, ಇಸಿ (ಋಣಭಾರ ಪತ್ರ), ಕಂದಾಯದ ರಶೀದಿ, ಇ-ಖಾತಾ. ಇ-ಖಾತಾ ಇಲ್ದೆ ಈಗ ರಿಜಿಸ್ಟ್ರೇಷನ್ನೇ ಆಗಲ್ಲ, ಅಪ್ಪನ ಹೆಸರಿಂದ ಅಮ್ಮನ ಹೆಸರಿಗೆ ಮೊದಲೇ ಆಗಿದ್ದು ಪುಣ್ಯ. ಆದ್ರೆ ಎಲ್ಲಾ ಒಂದು ಫೈಲಿಗೆ ಜೋಡಿಸ್ತಾ ಕ್ರಯಪತ್ರ ಸರಿಯಾಗಿ ಓದಿದಾಗ ಹೊಟ್ಟೆ ಧಸಕ್ ಅಂತು. ಹುಟ್ಟಿದಾಗಿಂದ ನಮ್ದು ಥರ್ಟಿ ಫಾರ್ಟಿ ಸೈಟು ಅಂತಲೇ ಕೇಳಿದ್ದು, ಪಾರ್ಟಿಗೂ 1200 ಅಡಿ ಅಂತಲೇ ಹೇಳಿದ್ದು. ಪತ್ರದಲ್ಲಿರೋದು 9 ಮೀಟರ್ 12 ಮೀಟರ್. ಅಂದ್ರೆ 108 ಚದರ ಮೀಟರು, 1162 ಅಡಿ. 38 ಅಡಿ ಗಾಳೀಲಿತ್ತು! ಅವತ್ತೇ ಸಂಜೆ ಪಾರ್ಟಿಗೆ ಫೋನ್ ಮಾಡಿ ಹೇಳ್ದೆ. ಅವ್ರು ಎರಡು ಸೆಕೆಂಡ್ ಸುಮ್ನಿದ್ದು "ಹೇಳಿದ್ದು ಒಳ್ಳೇದಾಯ್ತು ಮೇಡಂ" ಅಂದ್ರು. ಆ ಎರಡು ಸೆಕೆಂಡಿಗೆ ಎಷ್ಟು ಲಕ್ಷ ಅಂತ ಆಮೇಲೆ ಗೊತ್ತಾಯ್ತು.

ಅಕ್ಟೋಬರ್ 11. ಹತ್ತು ಗಂಟೆಗೆ ಬಂದ್ರು. ಇಂಜಿನಿಯರ್ರು ಅರವತ್ತರ ಆಸುಪಾಸು, ಒಂದು ಜೋಳಿಗೆ, ಅದರೊಳಗೆ ಟೇಪು, ಸಣ್ಣ ಸುತ್ತಿಗೆ, ತೂಗುಗುಂಡು, ಮೂರು ದೀಪ ಇರೋ ಪ್ಲಗ್ ಟೆಸ್ಟರು. ಕಾಫಿ ಬೇಡ, ಮೊದಲು ಕೆಲ್ಸ ಅಂದ್ರು. ಹಾಲಿಗೆ ಬಂದವ್ರೇ ಟಾರ್ಚನ್ನ ಗೋಡೆಗೆ ಅಂಟಿಸಿ ಓರೆಯಾಗಿ ಬೆಳಕು ಬಿಟ್ಟು ನೋಡ್ತಾ ಹೋದ್ರು. ಯಾಕೆ ಸರ್ ಅಂದೆ. "ಹೊಸ ಪುಟ್ಟಿ ಎಲ್ಲಿದೆ ನೋಡ್ತಿದೀನಮ್ಮ. ಮಾರೋರು ಎಲ್ಲಿ ಹೊಸ ಪುಟ್ಟಿ ಹಾಕಿರ್ತಾರೋ ನಾನು ಅಲ್ಲಿಂದಲೇ ಶುರು ಮಾಡೋದು" ಅಂದ್ರು. ತಮ್ಮನ ಐಡಿಯಾ ಕೇಳಿದ್ರೆ ಏನಾಗ್ತಿತ್ತು ಅಂತ ಅಲ್ಲೇ ಒಂದ್ಸಲ ನೆನೆಸ್ಕೊಂಡೆ.

ಹಿಂದಿನ ರೂಮಿಗೆ ಬಂದು ತಲೆ ಎತ್ತಿದ್ರು. ಸೀಲಿಂಗಲ್ಲಿ ಒಂದರೊಳಗೊಂದು ಪೆನ್ಸಿಲ್ ಗೆರೆ, ಭೂಪಟದ ಥರ, ಪಕ್ಕದಲ್ಲಿ 6/9, 13/9, 27/9, 4/10. "ಇದೇನಮ್ಮ ಇದು?" ಎಲ್ಲಾ ಹೇಳ್ದೆ, ಫೋಟೋ ತೋರ್ಸಿದೆ, ಪ್ಲಾಸ್ಟಿಕ್ ಕವರಲ್ಲಿ ಎತ್ತಿಟ್ಟಿದ್ದ ಆ ತುಕ್ಕು ಎಲ್ಬೋನೂ ತಂದು ಕೊಟ್ಟೆ. ಎಲ್ಬೋನ ತಿರುಗಿಸಿ ತಿರುಗಿಸಿ ನೋಡಿ, ಏಣಿ ಹತ್ತಿ ಸೀಲಿಂಗ್ ಮುಟ್ಟಿ, ಇಳಿದು, "ಕಾಫಿ ಕೊಡಿ" ಅಂದ್ರು.

ಹಂಗಂತ ಬಿಟ್ರಾ? ಇಲ್ಲ. ಆರ್‌ಸಿಸಿಬಿ ಟೆಸ್ಟ್ ಬಟನ್ ಒತ್ತಿದ್ರು, ಎಲ್ಲಾ ಪ್ಲಗ್ಗಿಗೂ ಟೆಸ್ಟರ್ ಹಾಕಿದ್ರು, ಮುಂದಿನ ರೂಮಿನ ಒಂದು ಸಾಕೆಟ್ಟಲ್ಲಿ ಅರ್ಥ್ ಇಲ್ಲ ಅಂತ ಹಿಡಿದ್ರು, ನಾನು ಮೀಟರ್ ಹಾಕದೇ ಬಿಟ್ಟಿದ್ದು ಅದೊಂದೇ ಸಾಕೆಟ್ಟು, ಬೀರು ಹಿಂದಿಂದು. ಆಮೇಲೆ ನನ್ನ ಮೂರು ಪುಟದ ಲಿಸ್ಟಲ್ಲಿ ಎಲ್ಲೂ ಇಲ್ದಿರೋ ಒಂದು ಕೆಲ್ಸ ಮಾಡಿದ್ರು: ಹಿತ್ತಲಿನ ಚೇಂಬರ್ (ಕೊಳಚೆ ನೀರು ಹಾದು ಹೋಗೋ ಗುಂಡಿ) ಮುಚ್ಚಳ ತೆಗ್ಸಿ, ಮನೆ ಒಳಗೆ ಒಬ್ರನ್ನ ಕಳ್ಸಿ ಟಾಯ್ಲೆಟ್ ಫ್ಲಶ್ ಮಾಡ್ಸಿ, ವಾಚ್ ನೋಡ್ತಾ ನಿಂತ್ರು. ನೀರು ಬರ್ತಾ ಬರ್ತಾ ಸೊರಗಿ ಬಂತು. ಇನ್ನೊಂದು ಬಕೆಟ್ ಹಾಕ್ಸಿದ್ರು, ಅದೂ ಹಂಗೇ. "ತೆಂಗಿನ ಬೇರು" ಅಂದ್ರು. ಹಳೇ ಕಾಲದ ಸ್ಟೋನ್‌ವೇರ್ ಪೈಪು, ಎರಡಡಿಗೊಂದು ಜಾಯಿಂಟು, ಬೇರಿಗೆ ಒಂದು ಸಂದು ಸಾಕು. ನಾನು ನೀರು ಬರೋ ದಾರಿ ಎಲ್ಲಾ ನೋಡಿದ್ದೆ, ಹೋಗೋ ದಾರಿ ನೋಡೇ ಇರ್ಲಿಲ್ಲ.

ಬ್ಯಾಂಕಿನ ವ್ಯಾಲ್ಯುಯರ್ ಮುಂದಿನ ವಾರ ಬಂದು ಇಪ್ಪತ್ತೇ ನಿಮಿಷಕ್ಕೆ ಹೋದ್ರು. ಅಳತೆ, ನಾಲ್ಕು ಕಡೆ ಫೋಟೋ, ನಕ್ಷೆ. ತಾರಸಿ ಮೇಲಿನ ಶೀಟ್ ರೂಮು ನಕ್ಷೆಯಲ್ಲಿಲ್ಲ, ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ ಅಂದ್ರು. ಸೀಲಿಂಗ್ ಕಡೆ ಕಣ್ಣೆತ್ತಿಯೂ ನೋಡ್ಲಿಲ್ಲ.

ಕೊನೆಗೆ ರೇಟಲ್ಲಿ ಎರಡು ವಿಷ್ಯಕ್ಕೆ ಇಳಿಸಿದ್ರು, 38 ಅಡಿಗೆ ಮತ್ತು ಚೇಂಬರ್ ಲೈನಿಗೆ. ಆಗಸ್ಟ್ 31ರಿಂದ ರಿಜಿಸ್ಟ್ರೇಷನ್ ಫೀಸು ಶೇಕಡಾ 1 ಇದ್ದಿದ್ದು 2 ಆಗಿದೆ, ಅದಕ್ಕೂ ಏನಾದ್ರೂ ಮಾಡಿ ಅಂತ ಒಂದು ಕಲ್ಲು ಹೊಡ್ದು ನೋಡಿದ್ರು, ಅದಕ್ಕೆ ನಾನು ಜಗ್ಲಿಲ್ಲ. ಲೀಕಿಗೆ ಅಂತ ಒಂದು ರೂಪಾಯಿನೂ ಕೇಳ್ಲಿಲ್ಲ. ಚೇಂಬರ್ ನಾವೇ ಮಾಡ್ಸಿಕೊಟ್ರೆ ಅರ್ಧ ವಾಪಸ್ ಬಿಡ್ತೀವಿ ಅಂತ ಒಪ್ಪಂದ.

ಅಗ್ರಿಮೆಂಟ್ ದಿನ ಅಮ್ಮ, "ಆ ಗೆರೆನಾದ್ರೂ ಅಳಿಸಿ ಕೊಡೋಣ ಕಣೇ, ನೋಡೋರಿಗೆ ಅಸಹ್ಯ" ಅಂದ್ರು. ತಗೊಳ್ಳೋ ಮನೆಯಾಕೆಯೇ ಬೇಡ ಆಂಟಿ ಅಂದ್ರು, ಒಂದು ಮಳೆಗಾಲ ಕಳೀಲಿ ಅಂತ ಇಂಜಿನಿಯರ್ ಹೇಳಿದಾರಂತೆ.

ಈಗ ಹಿತ್ತಲಲ್ಲಿ ಹನ್ನೆರಡಡಿ ಉದ್ದ ಅಗೆದಿಟ್ಟಿದೆ, 110 ಎಂಎಂ ಪಿವಿಸಿ ಪೈಪು ಬಂದು ಬಿದ್ದಿದೆ. ಪ್ಲಂಬರ್ ಶನಿವಾರ ಬರ್ತೀನಿ ಅಂದಿದಾರೆ, ಯಾವ ಶನಿವಾರ ಅಂತ ಹೇಳಿಲ್ಲ.